ಜಿಲ್ಲಾ ಪಂಚಾಯಿತಿಗೆ ಸದಸ್ಯರೇ ಬೇಡವೇ?

ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಆ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದು ಕೂತರು. ಆಮೇಲೆ ನಾಲ್ಕು ವರ್ಷ ದಾಟಿದರೂ ಚುನಾವಣೆ ಇಲ್ಲ. ಮೊದಲು ಕೋವಿಡ್ ಅಂದರು, ಆಮೇಲೆ ಕ್ಷೇತ್ರ ಮರುವಿಂಗಡಣೆ ಅಂದರು, ಆಮೇಲೆ ಮೀಸಲಾತಿ ಪಟ್ಟಿ. ನಡುವೆ ಕೋರ್ಟಿನ ವಾಯಿದೆಗಳು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು. ಈ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ದಾರಿ.

ಇದನ್ನು ಬರೆದು ಕಳಿಸಿದರೆ ಡೆಸ್ಕಿನವರು ಕೇಳುತ್ತಾರೆ, 'ಜನ ಗಲಾಟೆ ಮಾಡ್ತಿಲ್ವಲ್ರೀ, ಸುದ್ದಿ ಎಲ್ಲಿದೆ?' ನಿಜ, ಯಾರೂ ರಸ್ತೆ ತಡೆದಿಲ್ಲ. ನಲ್ಲಿಯಲ್ಲಿ ನೀರು ನಿಂತರೆ ಅವತ್ತೇ ಗೊತ್ತಾಗುತ್ತದೆ, ಸದಸ್ಯ ಇಲ್ಲದ್ದು ಹಾಗಲ್ಲ.

ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಹಾಸ್ಟೆಲ್, ಕುಡಿಯುವ ನೀರು. ಬಡವರು ದಿನಾ ಎಡತಾಕುವ ಈ ಕೆಲಸಗಳೆಲ್ಲ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಚರ್ಚೆಗೆ ಬರುತ್ತಿದ್ದವು. ಕಾಸಿದ್ದವರಿಗೆ ಕಾನ್ವೆಂಟು, ನರ್ಸಿಂಗ್ ಹೋಮು ಇವೆ. ಇಲ್ಲದವರ ಊರಿನ ಡಾಕ್ಟರು ಮಧ್ಯಾಹ್ನವೇ ಹೊರಟುಹೋದರೆ ಸದಸ್ಯರಿಗೆ ಒಂದು ಫೋನ್ ಹೋಗುತ್ತಿತ್ತು. ಸಾಮಾನ್ಯ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಎದ್ದುನಿಂತು ಅದಕ್ಕೆ ಉತ್ತರ ಕೊಡಬೇಕಿತ್ತು. ಆ ಉತ್ತರ ನಡಾವಳಿಯಲ್ಲಿ ದಾಖಲಾಗುತ್ತಿತ್ತು. ಮುಂದಿನ ಸಭೆಗೆ ಅನುಪಾಲನಾ ವರದಿ ಬರಬೇಕು. ಬರದಿದ್ದರೆ ಇನ್ನೊಂದು ಜಗಳ, ನಮಗೆ ಇನ್ನೊಂದು ಸುದ್ದಿ.

ಆ ಸದಸ್ಯರೇನು ಸಾಚಾಗಳಾಗಿರಲಿಲ್ಲ. ಕಾಮಗಾರಿಯಲ್ಲಿ ಪರ್ಸೆಂಟೇಜ್ ಕೇಳಿದವರಿದ್ದರು, ಹೆಂಡತಿಯ ಪರವಾಗಿ ಗಂಡನೇ ಫೈಲ್ ಹಿಡಿದು ಓಡಾಡಿದ್ದೂ ಇತ್ತು. ಆದರೆ ಸಂಜೆ ಅವರು ಅದೇ ಊರಿಗೆ ಹೋಗಬೇಕಿತ್ತು, ಅದೇ ಹೋಟೆಲಿನಲ್ಲಿ ಟೀ ಕುಡಿಯಬೇಕಿತ್ತು.

ಈಗ ಎಲ್ಲದಕ್ಕೂ ಶಾಸಕರ ಮನೆ. ಮಗಳಿಗೆ ಹಾಸ್ಟೆಲ್ ಸೀಟು ಬೇಕೆಂದರೂ ಅವರ ಪತ್ರ, ಕೊಳವೆಬಾವಿಗೂ ಅವರ ಪತ್ರ. ಒಬ್ಬ ಶಾಸಕರಿಗೆ ಎರಡು ಲಕ್ಷದ ಆಸುಪಾಸು ಮತದಾರರು. ಕೂಲಿ ಬಿಟ್ಟು ಬೆಳಿಗ್ಗೆಯೇ ಬಸ್ ಹಿಡಿದು ಹೋದರೂ ಪಿಎ ಪರಿಚಯ ಬೇಕು. ನಿಮ್ಮ ಹಟ್ಟಿಯ ಬೂತಿನಲ್ಲಿ ಓಟು ಆ ಕಡೆ ಬಿದ್ದಿದ್ದರೆ ಮುಗಿದೇ ಹೋಯಿತು.

ಹೆಂಗಸರ ಲೆಕ್ಕ ಇನ್ನೂ ಕೆಟ್ಟದು. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಅವರಿಗೆ ಮೀಸಲು. 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದ ಹೆಂಗಸರು 10 ಮಂದಿ. ಅಲ್ಲಿಂದ ಇಲ್ಲಿಗೆ ಅಧಿಕಾರ ಜಾರಿದೆ ಎಂದರೆ ಯಾರ ಕೈಯಿಂದ ಯಾರ ಕೈಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕಾನೂನಿನಲ್ಲಿ ಗೊಂದಲವೇನೂ ಇಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಮರುವಿಂಗಡಣೆ ಬಾಕಿಯಿದೆ ಎಂದು ಚುನಾವಣೆ ನಿಲ್ಲಿಸುವಂತಿಲ್ಲ ಎಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಬ್ದುಲ್ ನಜೀರ್ ಸಾಬರ ಕಾಲದ 1983ರ ಕಾಯ್ದೆ, 1987ರ ಚುನಾವಣೆ ಎಂದು ವೇದಿಕೆ ಮೇಲೆ ಹೆಮ್ಮೆಪಡುವ ನಾಯಕರಿಗೆ ಇದು ತಿಳಿಯದ್ದಲ್ಲ. ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಶಾಸಕರಿಗೆ ಬೇಕಿಲ್ಲ, ಅಷ್ಟೇ.

ಚುನಾವಣೆ ದಿನಾಂಕ ಹೊರಬೀಳುವ ತನಕ ಆಡಳಿತಾಧಿಕಾರಿಗಳು ಒಂದು ಕೆಲಸವನ್ನಂತೂ ಮಾಡಬಹುದು. ತಮ್ಮ ಸಭೆಗಳನ್ನು ಬಾಗಿಲು ತೆರೆದು ನಡೆಸಲಿ, ನಡಾವಳಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಚ್ಚಲಿ. ಈಗ ಸಂಜೆ ವಾಟ್ಸ್ಆ್ಯಪ್‌ನಲ್ಲಿ ನಮಗೆ ಬರುವುದು ಒಂದು ಫೋಟೊ ಮತ್ತು ಪ್ರೆಸ್ ನೋಟ್. ಅದರಲ್ಲಿ ಕೇಳಿದ ಪ್ರಶ್ನೆ ಒಂದೂ ಇರುವುದಿಲ್ಲ.