ರಾಮ ಏಕೆ ಮಾತನಾಡಲಿಲ್ಲ?

ಕಳೆದ ವರ್ಷದ ಆಟಿ ತಿಂಗಳಲ್ಲಿ ಬೆಳ್ತಂಗಡಿಯ ನಮ್ಮ ಮೂಲಮನೆಯಲ್ಲಿ ನಡೆದ ‘ವಾಲಿವಧೆ’ ತಾಳಮದ್ದಳೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದು ನನ್ನ ಸೋದರಳಿಯ ಮೊದಲ ಬಾರಿಗೆ ರಾಮನ ಅರ್ಥ ಹೇಳಿದ. ಅವನ ತಂದೆ, ಅಂದರೆ ಮೂಡುಬಿದಿರೆಯ ನನ್ನ ಭಾವ, ಒಂದು ಕಾಲದಲ್ಲಿ ತಾವೇ ಅರ್ಥ ಹೇಳಿದವರು. ಅನಾರೋಗ್ಯದ ಕಾರಣ ಅವರಿಗೆ ಬರಲಾಗಲಿಲ್ಲ. ಧ್ವನಿಮುದ್ರಣವನ್ನು ಕಳುಹಿಸಿಕೊಡುವ ಹೊಣೆಯನ್ನು ನಾನೇ ಹೊತ್ತುಕೊಂಡೆ.

ನಿವೃತ್ತಿಯಾದ ಮೇಲೆ ಬಂಟ್ವಾಳದ ಮನೆಯಲ್ಲಿ ಕುಳಿತು ಕಲಿತ ವಿದ್ಯೆಗಳಲ್ಲಿ ಆಡಾಸಿಟಿ ಎಂಬ ತಂತ್ರಾಂಶದ ಬಳಕೆಯೂ ಒಂದು. 2000ರಲ್ಲಿ ಬಿಡುಗಡೆಯಾದ, ಎಲ್ಲರಿಗೂ ಉಚಿತವಾಗಿ ದೊರಕುವ ತಂತ್ರಾಂಶವದು. ಅರ್ಥಧಾರಿಗಳು ಎದುರುಬದುರಾಗಿ ಕುಳಿತುಕೊಳ್ಳುವುದರಿಂದ ಎರಡು ಪಕ್ಕಕ್ಕೂ ಒಂದೊಂದು ಮೈಕ್ ಇಟ್ಟೆ. ಗಣಕದಲ್ಲಿ ಅವು ಎರಡು ಪ್ರತ್ಯೇಕ ಟ್ರ್ಯಾಕುಗಳಾಗಿ ಕಾಣಿಸಿಕೊಂಡವು. ಪ್ರತಿಯೊಂದು ಟ್ರ್ಯಾಕಿನ ಎಡಬದಿಯಲ್ಲಿಯೂ ಧ್ವನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಒಂದು ಸಣ್ಣ ಪಟ್ಟಿ ಇರುತ್ತದೆ; ಅದಕ್ಕೆ ಪ್ಯಾನ್ ಎನ್ನುತ್ತಾರೆ. ನಾನು ವಾಲಿಯನ್ನು ಪೂರ್ತಿ ಎಡಕ್ಕೂ ರಾಮನನ್ನು ಪೂರ್ತಿ ಬಲಕ್ಕೂ ತಳ್ಳಿದೆ. ಇಯರ್‌ಫೋನ್ ಹಾಕಿ ಕೇಳಿದಾಗ ಸಭೆಯ ನಡುವೆಯೇ ಕುಳಿತಂತೆ ಭಾಸವಾಯಿತು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಹೆಮ್ಮೆಯಾಗದೆ ಇರುತ್ತದೆಯೇ? ಅಂದೇ ಕಳುಹಿಸಿಬಿಟ್ಟೆ.

ಮೂರನೆಯ ದಿನ ಭಾವನ ಫೋನು ಬಂತು. “ಮಾಷ್ಟ್ರೇ, ಭಾಗವತರು ಚೆನ್ನಾಗಿ ಹಾಡಿದ್ದಾರೆ. ವಾಲಿಯೂ ಲಾಯ್ಕ ಉಂಟು. ನಮ್ಮ ಹುಡುಗನಿಗೆ ಮಾತ್ರ ಸ್ವರವೇ ಏಳಲಿಲ್ಲ. ಗೋಡೆಯಾಚೆ ನಿಂತು ಗೊಣಗಿದ ಹಾಗೆ. ಅಷ್ಟು ಕೇಳಿದ ವಾಲಿಗೆ ಅದಾ ಉತ್ತರ?” ಎಂದರು. ಮಗನಿಗೂ ಅದನ್ನು ಹೇಳಿಬಿಟ್ಟಿದ್ದರು. ಅವನು ಇನ್ನು ಅರ್ಥ ಹೇಳುವ ಸಹವಾಸವೇ ಬೇಡವೆಂದು ತಾಯಿಯೊಡನೆ ಅಂದನಂತೆ.

ನಾನು ಮತ್ತೆ ಕೇಳಿದೆ. ರಾಮನ ಸ್ವರಕ್ಕೆ ಯಾವ ಕುಂದೂ ಇರಲಿಲ್ಲ. ಮೊದಲು ಭಾವನ ಮೊಬೈಲಿನ ಮೇಲೆ ಸಂಶಯಪಟ್ಟೆ. ಅದರ ಸೆಟ್ಟಿಂಗಿನಲ್ಲಿ ಎಡ-ಬಲಗಳ ಸಮತೋಲದ ಪಟ್ಟಿಯೊಂದು ಇರುತ್ತದೆ, ಕೈತಪ್ಪಿ ಸರಿದಿರಬಹುದೆಂದು. ಅದೂ ನಡುವಿನಲ್ಲಿಯೇ ಇತ್ತು. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಭಾವನ ಬಲಗಿವಿ ಕೇಳಿಸದೆ ಹದಿನೈದು ವರ್ಷಗಳಾಗಿವೆ! ಎದ್ದು ಬಂದು ಬಲಗಿವಿಯ ಇಯರ್‌ಫೋನನ್ನು ಕಿತ್ತು ಕೇಳಿದೆ. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ವಾಲಿ ಗುಡುಗುತ್ತಿದ್ದಾನೆ. ರಾಮನ ಉತ್ತರವೆಂಬುದು ವಾಲಿಯ ಮೈಕಿಗೆ ದೂರದಿಂದ ಬಿದ್ದ ಅಸ್ಪಷ್ಟ ಗುಜುಗುಜು ಮಾತ್ರ. ಇಬ್ಬರಿಗೂ ಸರಿಸುಮಾರು ಸಮದೂರದಲ್ಲಿದ್ದ ಹಿಮ್ಮೇಳಕ್ಕೆ ಏನೂ ಆಗಿರಲಿಲ್ಲ. ಮಗನ ಚೊಚ್ಚಲ ಅರ್ಥವನ್ನು ತಂದೆಯ ಕಿವಿಯಿಂದ ಅಳಿಸಿ ಹಾಕಿದವನು ನಾನೇ.

ವಾದ-ಸಂವಾದದ ಧ್ವನಿಯನ್ನು ಹೀಗೆ ಎರಡು ಕಿವಿಗಳಿಗೆ ಪಾಲು ಮಾಡಿ ಹಂಚುವುದು ತಪ್ಪೆಂದು ಅಂದಿನಿಂದ ವಾದಿಸುತ್ತಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಒಪ್ಪುವುದಿಲ್ಲ. “ಸರ್, ಎದುರು ಕುಳಿತ ಅನುಭವ ಬರಬೇಕಾದರೆ ಬೇರ್ಪಡಿಸಲೇಬೇಕು” ಎನ್ನುತ್ತಾನೆ. ಅವನನ್ನೇ ಕೇಳುತ್ತೇನೆ: ಚಾವಡಿಯಲ್ಲಿ ಎದುರು ಕುಳಿತಾಗ ಎಡಗಡೆಯವರ ಮಾತು ನಿನ್ನ ಬಲಗಿವಿಗೆ ಕೇಳಿಸುವುದಿಲ್ಲವೇ? ಕೇಳಿಸುತ್ತದೆ, ತುಸು ತಡವಾಗಿ, ತುಸು ಮೆಲ್ಲಗೆ, ಅಷ್ಟೇ. ಆ ಅಲ್ಪ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ತಿಳಿಯುತ್ತದೆ. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಸ್ಟೀರಿಯೋ ವಿಧಾನಕ್ಕೆ ಪೇಟೆಂಟು ಕೋರಿದಾಗ ಅವನ ಯೋಚನೆಯೂ ಒಂದು ಸ್ವರವನ್ನು ಒಂದೇ ಕಿವಿಗೆ ಕಟ್ಟಿಹಾಕುವುದಾಗಿರಲಿಲ್ಲ. ಇಯರ್‌ಫೋನಿನಲ್ಲಿ ನೂರಕ್ಕೆ ನೂರು ಎಡಕ್ಕೆ ತಳ್ಳಿದ ಸ್ವರ ಬಲಗಿವಿಗೆ ಲವಲೇಶವೂ ತಲುಪದು. ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲದ ಶ್ರವಣವದು.

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ನಮ್ಮ ತಲೆಮಾರಿನವರು ತಾಳಮದ್ದಳೆ ಕೇಳಿದ್ದು ಒಂದೇ ಸ್ಪೀಕರಿನ ರೇಡಿಯೋದಲ್ಲಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳುವಾಗ ಯಾರು ಎಡ, ಯಾರು ಬಲ ಎಂದು ಯಾರೂ ವಿಚಾರಿಸಲಿಲ್ಲ. ಈ ಪುಟವನ್ನು ಓದುವ ಬಂಧುಗಳಲ್ಲಿ ಅರುವತ್ತು ದಾಟಿದವರೇ ಅಧಿಕ. ಒಂದು ಕಿವಿ ಮಂದವಾದವರೂ, ಅಡುಗೆಮನೆಯಲ್ಲಿ ಒಂದೇ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳುವವರೂ ಇದ್ದಾರೆ. ಅವರಿಗೆ ಅರ್ಧ ಪ್ರಸಂಗವನ್ನು ಬಡಿಸಬಾರದು.

ನಾನು ಮಾಡಿದ ದುರಸ್ತಿಯನ್ನೂ ಹೇಳಿಬಿಡುತ್ತೇನೆ. ಎರಡೂ ಪಟ್ಟಿಗಳನ್ನು ನಡುವಿಗೆ ತಂದೆ. ಆಗ ಸ್ವರ ಗಡಿಗೆಯೊಳಗಿಂದ ಬಂದಂತಾಯಿತು. ಒಬ್ಬನ ಮಾತು ಎರಡು ಮೈಕುಗಳನ್ನೂ ಬೇರೆ ಬೇರೆ ಹೊತ್ತಿಗೆ ತಲುಪಿರುವುದರಿಂದ ತರಂಗಗಳು ಅಲ್ಲಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ಹತ್ತನೆಯ ತರಗತಿಯಲ್ಲಿ ನನ್ನಿಂದ ವ್ಯತಿಕರಣದ ವಿವರಣೆ ಕೇಳಿದವರಿಗೆ ಇದು ಅರ್ಥವಾದೀತು. ಆದ್ದರಿಂದ ವಾಲಿ ಮಾತನಾಡುವಲ್ಲಿ ರಾಮನ ಮೈಕನ್ನೂ, ರಾಮ ಮಾತನಾಡುವಲ್ಲಿ ವಾಲಿಯ ಮೈಕನ್ನೂ ತಗ್ಗಿಸುತ್ತ ಹೋದೆ. ಎರಡು ಗಂಟೆಯ ಪ್ರಸಂಗಕ್ಕೆ ನಾಲ್ಕು ದಿನ ಹಿಡಿಯಿತು. ದಿಕ್ಕಿನ ಆಸೆ ಇದ್ದವರು ನೂರರ ಬದಲು ಇಪ್ಪತ್ತರಷ್ಟು ಮಾತ್ರ ಸರಿಸಲಿ. ಆಗ ಆಚೆಯ ಕಿವಿಗೂ ಸ್ವರ ಧಾರಾಳವಾಗಿ ದೊರೆಯುತ್ತದೆ.

ಹಳೆಯ ಕ್ಯಾಸೆಟ್ಟುಗಳನ್ನು ಗಣಕಕ್ಕೆ ತುಂಬಿಸುವವರಿಗೆ ಒಂದು ಮಾತು. ಕ್ಯಾಸೆಟ್ಟಿನ ಮೋನೋ ಮುದ್ರಣವು ಸ್ಟೀರಿಯೋದ ಎರಡೂ ದಾರಿಗಳ ಅಗಲವನ್ನು ಆಕ್ರಮಿಸುತ್ತದೆ. ಆದಕಾರಣ ಸ್ಟೀರಿಯೋ ಪ್ಲೇಯರಿನಲ್ಲಿ ಅದು ಎರಡೂ ಕಡೆ ಕೇಳಿಸಲೇಬೇಕು. ಒಂದೇ ಕಡೆ ಕೇಳಿಸಿದರೆ ಕ್ಯಾಸೆಟ್ಟನ್ನು ದೂರಬೇಡಿ. ಪಿನ್ ಪೂರ್ತಿ ಕುಳಿತಿಲ್ಲ, ಇಲ್ಲವೇ ಹೆಡ್ಡಿನಲ್ಲಿ ಕೊಳೆ ಇದೆ. ಸರಿಪಡಿಸಿ ಮತ್ತೊಮ್ಮೆ ತುಂಬಿಸುವುದೇ ಒಳ್ಳೆಯದು. ಆಗದಿದ್ದರೆ ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋಗಳಾಗಿ ಒಡೆದು ಮೌನವಾಗಿರುವುದನ್ನು ಅಳಿಸಿ. ಎರಡನ್ನೂ ಬೆರೆಸಿ ಒಂದು ಮಾಡಿದರೆ ಇರುವ ಧ್ವನಿಯೂ ಅರ್ಧಕ್ಕೆ ಇಳಿಯುತ್ತದೆ. ಮೂಲ ಕಡತವನ್ನು ಮಾತ್ರ ಮುಟ್ಟದೆ ಬೇರೆಯಾಗಿ ಇಟ್ಟುಕೊಳ್ಳಿ.

ತಿದ್ದಿದ ಪ್ರತಿಯನ್ನು ಭಾವನಿಗೆ ಕಳುಹಿಸಿ, ತಪ್ಪು ನನ್ನದೆಂದು ಬರೆದೆ. ನನಗೆ ಅವರಿಂದ ಉತ್ತರ ಬರಲಿಲ್ಲ. ಮಗನಿಗೆ ಫೋನು ಹೋಯಿತಂತೆ. ಮುಕ್ಕಾಲು ಗಂಟೆ ಮಾತನಾಡಿ, ಮೂರು ಕಡೆ ಅರ್ಥ ತಪ್ಪಿದೆ, ಒಂದು ಕಡೆ ರಾಮ ಅನಗತ್ಯವಾಗಿ ಲಂಬಿಸಿದ್ದಾನೆ ಎಂದು ತರಾಟೆಗೆ ತೆಗೆದುಕೊಂಡರಂತೆ. “ಮಾವ, ಈ ಸಲದ ಆಟಿಗೆ ಯಾವ ಪ್ರಸಂಗ?” ಎಂದು ಮರುದಿನ ಅವನೇ ನನ್ನನ್ನು ಕೇಳಿದ.

ಮೊದಲ ಪ್ರತಿಯನ್ನು ನನ್ನಿಂದ ಪಡೆದವರು ದಯವಿಟ್ಟು ಅದನ್ನು ಅಳಿಸಿಬಿಡಿ. ತಿಳಿಸಿದರೆ ಹೊಸದನ್ನು ಕಳುಹಿಸಿಕೊಡುತ್ತೇನೆ.