ಫೈಲಿನ ಪೂರ್ತಿ ಹೆಸರು ಓದಿಯೇ ತೆರೆಯಿರಿ

ಕಾರವಾರ, ಅಂಕೋಲಾದ ಬಂಧುಗಳೇ,

ನಿಮ್ಮ ಮನೆ, ಅಂಗಡಿ, ಸಂಘದ ಕಂಪ್ಯೂಟರಿನಲ್ಲಿ ಇವತ್ತೇ ಒಂದು ಸಣ್ಣ ಕೆಲಸ ಮಾಡಿ ಎಂದು ಕೈಮುಗಿದು ಕೇಳುತ್ತೇನೆ. ಇದಕ್ಕೆ ಖರ್ಚಿಲ್ಲ, ಒಂದು ನಿಮಿಷ ಸಾಕು.

ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಅದರಾಚೆ ಕೆಲವು ಅಕ್ಷರ ಇರುತ್ತವೆ. ಅದೇ ಎಕ್ಸ್‌ಟೆನ್ಶನ್. ಪಿಡಿಎಫ್ ಎಂದಿದ್ದರೆ ಓದುವ ಕಾಗದ, ಜೆಪಿಜಿ ಎಂದಿದ್ದರೆ ಫೋಟೊ, ಇಎಕ್ಸ್‌ಇ ಎಂದಿದ್ದರೆ ಪ್ರೋಗ್ರಾಂ. ನಾವು ಬದಲಾಯಿಸದ ಹೊರತು ವಿಂಡೋಸ್ ಈ ಅಕ್ಷರಗಳನ್ನು ಮರೆಮಾಡಿಯೇ ಇಡುತ್ತದೆ. ವಂಚಕರು ಹಿಡಿದಿರುವುದು ಇದೇ ದಾರಿಯನ್ನು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವೈರಸ್ ಪ್ರೇಮಪತ್ರದ ಹೆಸರಿನಲ್ಲಿ ಬಂದಿತ್ತು. ಹೊರಗೆ ಕಂಡದ್ದು ಬರಿಯ ಬರಹದ ಟಿಎಕ್ಸ್‌ಟಿ, ಹಿಂದೆ ಅಡಗಿದ್ದದ್ದು ಪ್ರೋಗ್ರಾಂ ಆದ ವಿಬಿಎಸ್. ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳು ಕೆಟ್ಟವು.

ನಮ್ಮೂರಿನ ಮಟ್ಟಿಗೆ ಯೋಚಿಸಿ. ಸೀಬರ್ಡ್ ನೌಕಾನೆಲೆಗೆ ಮನೆ-ಗದ್ದೆ ಬಿಟ್ಟುಕೊಟ್ಟ ಕುಟುಂಬಗಳು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದಿವೆ. ‘ಪರಿಹಾರಪಟ್ಟಿ.ಪಿಡಿಎಫ್.ಇಎಕ್ಸ್‌ಇ’ ಎಂಬ ಫೈಲು ಬಂದರೆ ಅವರ ಕಣ್ಣಿಗೆ ಬೀಳುವುದು ‘ಪರಿಹಾರಪಟ್ಟಿ.ಪಿಡಿಎಫ್’ ಮಾತ್ರ. ಪಕ್ಕದಲ್ಲಿ ಪಿಡಿಎಫ್‌ನ ಕೆಂಪು ಗುರುತನ್ನೂ ವಂಚಕರು ಅಂಟಿಸಿರುತ್ತಾರೆ. ತೆರೆಯದೆ ಇರಲು ಯಾರಿಗೆ ಮನಸ್ಸಾದೀತು?

ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ ಎರಡೂ ಇರುವ ಊರು ನಮ್ಮದು. ಕೈಗಾ ನಡೆಸುವ ಅಣುವಿದ್ಯುತ್ ನಿಗಮದ್ದೇ ಆದ ಕೂಡಂಕುಳಂ ಸ್ಥಾವರದಲ್ಲಿ 2019ರಲ್ಲಿ ಆಡಳಿತ ಕೆಲಸದ ಒಂದು ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು. ಸ್ಥಾವರ ನಡೆಸುವ ವ್ಯವಸ್ಥೆ ಪ್ರತ್ಯೇಕವಾಗಿದ್ದುದರಿಂದ ಅದಕ್ಕೆ ಧಕ್ಕೆಯಾಗಲಿಲ್ಲ ಎಂದು ನಿಗಮ ತಿಳಿಸಿತು. ದೊಡ್ಡ ಸಂಸ್ಥೆಗಳಲ್ಲಿ ಹೀಗೆ ಒಳಗೋಡೆ ಇರುತ್ತದೆ. ನಮ್ಮ ಸಹಕಾರಿ ಸಂಘದಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಲೆಕ್ಕಪತ್ರ, ಆಧಾರ್ ಪ್ರತಿ, ಇಂಟರ್ನೆಟ್ ಎಲ್ಲವೂ ಒಂದೇ ಯಂತ್ರದಲ್ಲಿರುತ್ತವೆ.

ಮಾಡಬೇಕಾದದ್ದು ಇಷ್ಟು. ಯಾವುದಾದರೂ ಫೋಲ್ಡರ್ ತೆರೆಯಿರಿ. ವಿಂಡೋಸ್ 11 ಆದರೆ ಮೇಲಿನ ‘ವ್ಯೂ’ ಒತ್ತಿ, ‘ಶೋ’ಗೆ ಹೋಗಿ, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿ. ವಿಂಡೋಸ್ 10ರಲ್ಲಿ ‘ವ್ಯೂ’ ಒತ್ತಿದರೆ ಆ ಟಿಕ್ ಎದುರಿಗೇ ಸಿಗುತ್ತದೆ. ಅಡಗಿದ್ದ ಅಕ್ಷರಗಳು ಆಗ ಕಾಣುತ್ತವೆ. ಇನ್ನು ಮುಂದೆ ಕೊನೆಯ ಚುಕ್ಕೆಯಾಚೆಯ ಅಕ್ಷರ ಓದಿ. ಪತ್ರ, ಬಿಲ್ಲು, ಪಟ್ಟಿ ಎಂದು ಬಂದದ್ದರ ಕೊನೆಗೆ ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಜೆಎಸ್, ಬಿಎಟಿ ಕಂಡರೆ ತೆರೆಯಬೇಡಿ. ಕಳಿಸಿದವರಿಗೆ ಫೋನ್ ಮಾಡಿ ಕೇಳಿ. ನಿಮ್ಮದೇ ಫೈಲಿನ ಹೆಸರು ಬದಲಿಸುವಾಗ ಚುಕ್ಕೆಯಾಚೆಯ ಅಕ್ಷರಗಳನ್ನು ಅಳಿಸಬೇಡಿ.

ಶಾರ್ಟ್‌ಕಟ್ ಫೈಲಿನ ಎಕ್ಸ್‌ಟೆನ್ಶನ್ ಮಾತ್ರ ಟಿಕ್ ಹಾಕಿದ ಮೇಲೂ ಕಾಣುವುದಿಲ್ಲ. ಪೆನ್‌ಡ್ರೈವ್ ಹಾಕಿದಾಗ ಫೋಲ್ಡರಿನ ಮೂಲೆಯಲ್ಲಿ ಶಾರ್ಟ್‌ಕಟ್‌ನ ಪುಟ್ಟ ಬಾಣದ ಗುರುತಿದ್ದರೆ ಮುಟ್ಟದೆ, ಮೊದಲು ಆಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿ. ಮೊಬೈಲಿಗೆ ಮದುವೆ ಕರೆಯೋಲೆ, ವಾಹನದ ದಂಡದ ಚೀಟಿ ಎಂದು ಬಂದ ಫೈಲು ಎಪಿಕೆ ಆಗಿದ್ದರೆ ಅದು ಆ್ಯಪ್; ಇನ್‌ಸ್ಟಾಲ್ ಮಾಡಲೇಬೇಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಝೆರಾಕ್ಸ್ ಅಂಗಡಿಯವರಲ್ಲಿ ವಿಶೇಷ ವಿನಂತಿ: ದಿನವಿಡೀ ಊರಿನ ಪೆನ್‌ಡ್ರೈವ್‌ಗಳು ಹಾದುಹೋಗುವುದು ನಿಮ್ಮ ಯಂತ್ರದ ಮೂಲಕ. ಮೊದಲ ಟಿಕ್ ನಿಮ್ಮಲ್ಲಿ ಬೀಳಲಿ. ಶಿಕ್ಷಕರೇ, ಶಾಲೆಯ ಕಂಪ್ಯೂಟರಿನಲ್ಲಿ ಮಕ್ಕಳ ಕೈಯಿಂದಲೇ ಮಾಡಿಸಿ; ಅವರು ಮನೆಯಲ್ಲಿ ಅಪ್ಪ-ಅಮ್ಮನಿಗೆ ಕಲಿಸುತ್ತಾರೆ.