ಅವಸರದ ಲಗ್ನ ಮತ್ತು ನೌಕರನ ರಜೆ

ಕಕ್ಕೇರಾ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ವ್ಯಾಪಾರದ ಕಾಲವೂ ಲಗ್ನದ ಕಾಲವೂ ಒಂದೇ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸುರಪುರ ಸೀಮೆಯಲ್ಲಿ ಭತ್ತ ನೆಲೆಯೂರಿತು. ಹತ್ತಿ, ಮೆಣಸಿನಕಾಯಿ, ತೊಗರಿಗಳು ಅದರ ಜೊತೆಗಿವೆ. ತುಳಸಿ ಲಗ್ನ ಮುಗಿದು ಮುಹೂರ್ತಗಳು ಆರಂಭವಾಗುವ ಹೊತ್ತಿಗೆ ಮುಂಗಾರಿನ ಭತ್ತ ರಾಶಿಯಾಗುತ್ತಿರುತ್ತದೆ, ಹತ್ತಿ ಬಿಡಿಸುವ ಕೆಲಸ ಭರದಿಂದ ಸಾಗಿರುತ್ತದೆ. ಬೇಸಿಗೆಯ ಭತ್ತ ಅಂಗಡಿಗೆ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಮತ್ತೆ ಮದುವೆಗಳ ಸಾಲು. 2026ರಲ್ಲಂತೂ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಅಧಿಕ ಮಾಸದಲ್ಲಿ ಲಗ್ನ ಮಾಡುವ ವಾಡಿಕೆ ಇಲ್ಲದ್ದರಿಂದ ಆ ವರ್ಷದ ಬೇಸಿಗೆಯ ಮುಹೂರ್ತಗಳು ಇನ್ನಷ್ಟು ಕೆಲವೇ ದಿನಗಳಿಗೆ ಇಕ್ಕಟ್ಟಾಗುತ್ತವೆ.

ಇಂಥ ದಿನಗಳಲ್ಲೇ ಅಡತ್ ಅಂಗಡಿಯ ಗುಮಾಸ್ತನೋ ಗಿರಣಿಯ ಕೆಲಸಗಾರನೋ ಮಾಲೀಕರ ಮುಂದೆ ಬಂದು, ‘ಸಾವ್ಕಾರ್ರ, ಬರೂ ಸೋಮವಾರ ನನ್ನ ಲಗ್ನ ಅದರಿ, ಎಂಟ್ ದಿನ ಸೂಟಿ ಬೇಕ್ರಿ’ ಎಂದು ತಲೆ ತಗ್ಗಿಸಿ ನಿಲ್ಲುತ್ತಾನೆ. ಮಾಲೀಕರ ಅಸಮಾಧಾನ ಅಕಾರಣವೆಂದು ಹೇಳಲಾಗದು. ಮೂವರೇ ಇರುವ ಅಂಗಡಿಯಲ್ಲಿ ತೂಕಕ್ಕೆ ಒಬ್ಬ, ರೈತರ ಪಟ್ಟಿ ಬರೆಯಲು ಒಬ್ಬ, ಮಾರುಕಟ್ಟೆಗೆ ಓಡಾಡಲು ಒಬ್ಬ. ಅವರಲ್ಲಿ ಒಬ್ಬನಿಲ್ಲದಿದ್ದರೆ ಬಂಡಿ, ಟ್ರ್ಯಾಕ್ಟರುಗಳು ಅಂಗಡಿಯ ಮುಂದೆಯೇ ನಿಲ್ಲುತ್ತವೆ. ಕುದಿಸಿದ ಅಕ್ಕಿ ತಯಾರಿಸುವ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನ ಜಾಗಕ್ಕೆ ಹಮಾಲನನ್ನು ನಿಲ್ಲಿಸುವಂತಿಲ್ಲ. ‘ಇದನ್ನು ಒಂದು ತಿಂಗಳು ಮೊದಲೇ ಹೇಳಲಾಗುತ್ತಿರಲಿಲ್ಲವೇ?’ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ.

ಈ ಪ್ರಶ್ನೆಗೆ ಉತ್ತರವಾಗಿ ಎರಡು ಸಂಗತಿಗಳಿವೆ. ಮೊದಲನೆಯದು ಎಲ್ಲರಿಗೂ ತಿಳಿದದ್ದೇ. ಲಗ್ನದ ದಿನವನ್ನು ಗೊತ್ತುಮಾಡುವವನು ವರನಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ವರ್ಷದೊಳಗೆ ಮಂಗಳಕಾರ್ಯ ಮುಗಿಸಬೇಕೆಂಬ ನಂಬಿಕೆ ಅನೇಕ ಕುಟುಂಬಗಳಲ್ಲಿ ಉಂಟು. ಅಜ್ಜಿ ಹಾಸಿಗೆ ಹಿಡಿದಿದ್ದರೆ ಆಕೆಯ ಕಣ್ಣ ಮುಂದೆಯೇ ಅಕ್ಕಿಕಾಳು ಬೀಳಲಿ ಎಂಬ ಆತುರ. ತಂಗಿಯ ಮದುವೆ ನಿಶ್ಚಯವಾದೊಡನೆ ಅಣ್ಣನದನ್ನೂ ಅದೇ ಹಂದರದಲ್ಲಿ ಮಾಡಿ ಖರ್ಚು ಉಳಿಸುವ ಲೆಕ್ಕಾಚಾರ ಬಡ ಕುಟುಂಬಗಳಲ್ಲಿ ತೀರ ಸಾಮಾನ್ಯ. ವಧು ಸೋದರ ಸಂಬಂಧದವಳಾದರೆ ವಿಚಾರಣೆಗೆ ಸಮಯವೇ ಬೇಕಿಲ್ಲ. ಊರಿನಲ್ಲಿ ಅಪ್ಪ ವೀಳ್ಯ ಬದಲಿಸಿಕೊಂಡು ಬಂದ ಮೇಲೆ ಬೆಂಗಳೂರಿನಲ್ಲೋ ಪುಣೆಯಲ್ಲೋ ದುಡಿಯುವ ಮಗನಿಗೆ ದೂರವಾಣಿಯಲ್ಲಿ ಸುದ್ದಿ ತಲುಪುವುದೂ ಉಂಟು. ಯಾದಗಿರಿ ಜಿಲ್ಲೆಯಿಂದ ದೂರದ ನಗರಗಳಿಗೆ ದುಡಿಯಲು ಹೋದವರ ವಿಷಯದಲ್ಲಿ ಹೋಗಿಬರುವ ದಿನಗಳನ್ನೂ ರಜೆಗೆ ಕೂಡಿಸಬೇಕಾಗುತ್ತದೆ.

ಎರಡನೆಯ ಸಂಗತಿಯನ್ನು ಮಾಲೀಕರು ಅಷ್ಟಾಗಿ ಗಮನಿಸಿದಂತಿಲ್ಲ. ದಿನ ಗೊತ್ತಾದ ಕೂಡಲೇ ತಿಳಿಸಬಹುದಾಗಿದ್ದ ನೌಕರನೂ ಅನೇಕ ಸಲ ತಿಳಿಸುವುದಿಲ್ಲ. ಲಗ್ನಪತ್ರಿಕೆ ಅಚ್ಚಾಗಿ ಕೈಗೆ ಬರುವವರೆಗೂ ಬಾಯಿ ಬಿಡುವುದಿಲ್ಲ. ಮೊದಲೇ ಹೇಳಿದರೆ ‘ಸುಗ್ಗಿ ಮುಗಿಯಲಿ, ಮುಂದೆ ಹಾಕಿಕೋ’ ಎಂಬ ಮಾತು ಬರುತ್ತದೆ, ಇಲ್ಲವೇ ಆತನ ಜಾಗಕ್ಕೆ ಬೇರೊಬ್ಬನ ಹುಡುಕಾಟ ಶುರುವಾಗುತ್ತದೆ ಎಂಬ ಭಯ ಅವನದು. ಪತ್ರಿಕೆ ಅಚ್ಚಾಗಿದ್ದರೆ ಯಾವ ಮಾಲೀಕನೂ ಬೇಡವೆನ್ನಲಾರ ಎಂಬ ಜಾಣತನವೂ ಅದರೊಳಗಿದೆ. ತಡವಾಗಿ ಹೇಳುತ್ತಾನೆಂದು ಮಾಲೀಕರು ಸಿಡುಕುತ್ತಾರೆ, ಸಿಡುಕುತ್ತಾರೆಂದು ಮುಂದಿನವನು ಇನ್ನೂ ತಡವಾಗಿ ಹೇಳುತ್ತಾನೆ. ಹಾಗಾಗಿ ಈ ಅವಸರದ ಒಂದು ಪಾಲು ಅಂಗಡಿಯ ಗಾದಿಯಲ್ಲಿಯೇ ಹುಟ್ಟಿದ್ದು. ಅದನ್ನು ತಗ್ಗಿಸುವ ಅಧಿಕಾರವೂ ಗಾದಿಯ ಮೇಲೆ ಕುಳಿತವರಿಗೇ ಇದೆ.

ಕಾಯ್ದೆಯಿಂದ ಇಲ್ಲಿ ಹೆಚ್ಚಿನ ನೆರವು ದೊರೆಯದು. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ವೇತನಸಹಿತ ರಜೆಯಿತ್ತು. ಅದಕ್ಕೆ 15 ದಿನ ಮೊದಲು ಲಿಖಿತ ಅರ್ಜಿ ಕೊಡಬೇಕಿತ್ತು, ಕಾಯಿಲೆಗೆ ಮಾತ್ರ ವಿನಾಯಿತಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 240 ದಿನಗಳನ್ನು 180ಕ್ಕೆ ಇಳಿಸಿದೆ. ಸಣ್ಣ ಅಂಗಡಿಗಳ ಸಂಬಂಧದಲ್ಲಿ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ವೇತನಸಹಿತ ರಜೆಯ ಮಾತನಾಡುತ್ತದೆ. ಇವುಗಳಲ್ಲಿ ಎಲ್ಲಿಯೂ ಮದುವೆಗೆಂದೇ ಪ್ರತ್ಯೇಕ ರಜೆಯಿಲ್ಲ. ಸ್ಪೇನಿನಲ್ಲಿ 15 ದಿನ, ಫ್ರಾನ್ಸಿನಲ್ಲಿ 4 ದಿನ, ವಿಯೆಟ್ನಾಮಿನಲ್ಲಿ 3 ದಿನಗಳ ವೇತನಸಹಿತ ಮದುವೆಯ ರಜೆಯನ್ನು ಕಾಯ್ದೆಯೇ ಕೊಡುತ್ತದೆ. ಇಲ್ಲಿ ಅದು ಮಾಲೀಕರ ವಿವೇಚನೆಗೆ ಬಿಟ್ಟ ವಿಷಯ.

ಆ ವಿವೇಚನೆಯನ್ನು ಕೇವಲ ಔದಾರ್ಯವೆಂದು ತಿಳಿಯಬೇಕಾಗಿಲ್ಲ. ತಿಂಗಳಿಗೆ 15,000 ರೂಪಾಯಿ ಪಡೆಯುವ ಗುಮಾಸ್ತನೆಂದು ಹಿಡಿದರೆ ಎಂಟು ದಿನಗಳ ವೇತನ 4,000 ರೂಪಾಯಿ. ರಜೆ ನಿರಾಕರಿಸಿದರೆ ಆತ ಲಗ್ನವನ್ನು ಬಿಡುವುದಿಲ್ಲ, ಕೆಲಸವನ್ನು ಬಿಡುತ್ತಾನೆ. ಯಾವ ಊರಿನ ಯಾವ ರೈತನಿಗೆ ಎಷ್ಟು ಬಾಕಿ, ಯಾರ ಮಾಲಿನಲ್ಲಿ ತೇವ ಹೆಚ್ಚು, ಯಾರು ಹಣವನ್ನು ಮಗನ ಕೈಗೆ ಕೊಡಬೇಡವೆಂದಿದ್ದಾರೆ ಎಂಬುದೆಲ್ಲ ಕೀರ್ದಿ ಖಾತೆಗಳಲ್ಲಿ ಇರುವುದಿಲ್ಲ, ಆ ಗುಮಾಸ್ತನ ತಲೆಯಲ್ಲಿರುತ್ತದೆ. ಹೊಸಬನಿಗೆ ಅದು ತಿಳಿಯಲು ಎರಡು ಸುಗ್ಗಿಗಳಾದರೂ ಬೇಕು.

ರಜೆಯ ಬೆನ್ನಿಗೇ ಬರುವ ಮತ್ತೊಂದು ಕೋರಿಕೆ ಮುಂಗಡ ಹಣದ್ದು. ನಿಜವಾದ ಅಪಾಯ ಅಡಗಿರುವುದು ಇಲ್ಲಿ. ಮದುವೆಗೆ ಹಣ ಕೊಟ್ಟು, ‘ತೀರುವವರೆಗೆ ಬೇರೆಡೆ ಹೋಗುವಂತಿಲ್ಲ’ ಎಂದು ಕಟ್ಟು ಹಾಕುವುದು ಹಳೆಯ ಪದ್ಧತಿ. ರಜೆ ಕೊಟ್ಟ ಉಪಕಾರವನ್ನೂ ಅದರೊಳಗೆ ಸೇರಿಸಿಬಿಡುವುದುಂಟು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಸಾಲ, ಮುಂಗಡಗಳನ್ನಷ್ಟೇ ಅಲ್ಲದೆ ರೂಢಿಯ ಅಥವಾ ಸಾಮಾಜಿಕ ಕರ್ತವ್ಯದ ಹೆಸರಿನಲ್ಲಿ ಹೇರಿದ ಕಟ್ಟುಪಾಡನ್ನೂ ಜೀತದ ವ್ಯಾಖ್ಯೆಯೊಳಗೆ ತಂದಿದೆ. ಹಾಗೆ ದುಡಿಸಿಕೊಂಡವರಿಗೆ 3 ವರ್ಷಗಳವರೆಗೆ ಸೆರೆವಾಸವಿದೆ. ಮುಂಗಡ ಕೊಡುವುದು ತಪ್ಪಲ್ಲ; ಅದನ್ನು ಬೇರೆ ಚೀಟಿಯಲ್ಲಿ ಬರೆದು, ತಿಂಗಳ ಕಂತು ನಮೂದಿಸಿ, ಕೆಲಸ ಬಿಟ್ಟರೂ ಸಾಲ ಸಾಲವಾಗಿಯೇ ಉಳಿಯುತ್ತದೆಂದು ಸ್ಪಷ್ಟಪಡಿಸಬೇಕು. ಭವಿಷ್ಯನಿಧಿಯ ಸದಸ್ಯನಾದ ನೌಕರನು ಮದುವೆಗಾಗಿ ತನ್ನದೇ ಖಾತೆಯಿಂದ ಹಣ ಹಿಂಪಡೆಯಬಹುದು. ಎಷ್ಟೋ ಗಿರಣಿಗಳಲ್ಲಿ ಈ ಮಾತನ್ನು ನೌಕರನಿಗೆ ಹೇಳುವವರಿಲ್ಲ. ಇನ್ನೊಂದು ಎಚ್ಚರಿಕೆಯೂ ಇಲ್ಲಿ ಸಲ್ಲುತ್ತದೆ. ಅವಸರದ ಲಗ್ನಕ್ಕೆ ಹಣ ಕೊಡುವ ಮುನ್ನ ವಧುವಿಗೆ 18, ವರನಿಗೆ 21 ತುಂಬಿದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯು ಅಂಥ ಮದುವೆಗೆ ಕುಮ್ಮಕ್ಕು ಕೊಟ್ಟವರನ್ನೂ ಬಿಡುವುದಿಲ್ಲ.

ರಜೆ ಕೇಳುವವಳು ಹೆಣ್ಣುಮಗಳಾದಾಗ ಬಟ್ಟೆ ಅಂಗಡಿ, ಔಷಧಿ ಅಂಗಡಿಗಳ ಮಾಲೀಕರು ಲೆಕ್ಕ ಚುಕ್ತಾ ಮಾಡಿಯೇ ಕಳಿಸುವುದುಂಟು, ‘ಮತ್ತೆ ಬರುವವಳಲ್ಲ’ ಎಂಬ ಊಹೆಯಿಂದ. ಮದುವೆಯಾದಳೆಂದು 1988ರಲ್ಲಿ ಸೇನಾ ಶುಶ್ರೂಷಾ ಸೇವೆಯಿಂದ ಬಿಡುಗಡೆಗೊಂಡಿದ್ದ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿ ಆದೇಶಿಸಿತು. ಅದು ಸರ್ಕಾರಿ ಸೇವೆಯ ಪ್ರಕರಣವೇನೋ ಹೌದು. ಆದರೆ ಕೆಲಸಕ್ಕೆ ಮರಳುವೆಯಾ ಎಂದು ಆಕೆಯನ್ನೇ ಒಂದು ಮಾತು ಕೇಳಲು ಯಾವ ಅಂಗಡಿಗೂ ಖರ್ಚಿಲ್ಲ.

ದೀಪಾವಳಿಯಲ್ಲಿ ಹೊಸ ಕೀರ್ದಿ ಪುಸ್ತಕಕ್ಕೆ ಪೂಜೆ ಸಲ್ಲಿಸುವ ದಿನವೇ ಈ ನಿಯಮವನ್ನು ನೌಕರರೆಲ್ಲರ ಮುಂದೆ ಹೇಳಿಬಿಡಬಹುದು. ಸ್ವಂತ ಲಗ್ನಕ್ಕೆ ಇಷ್ಟು ದಿನ, ಅದರಲ್ಲಿ ಇಷ್ಟು ವೇತನಸಹಿತ, ಸುಗ್ಗಿಯಿದ್ದರೂ ಇಲ್ಲವೆನ್ನುವುದಿಲ್ಲ, ವೀಳ್ಯದ ಮರುದಿನವೇ ತಿಳಿಸಿದರೆ ವೇತನಸಹಿತ ಎರಡು ದಿನ ಹೆಚ್ಚು. ಬೇಗ ಹೇಳಿದವನಿಗೆ ನಷ್ಟವಿಲ್ಲವೆಂದು ಒಮ್ಮೆ ಕಂಡರೆ ಎರಡನೆಯವನು ತಾನಾಗಿಯೇ ಬಂದು ಹೇಳುತ್ತಾನೆ. ರೈತರ ಪಟ್ಟಿ ಬರೆಯುವುದನ್ನು ವರ್ಷವಿಡೀ ಒಬ್ಬನಿಗೇ ಬಿಡದೆ ತೂಕದವನಿಗೂ ವಾರಕ್ಕೊಂದು ದಿನ ಅಭ್ಯಾಸ ಮಾಡಿಸಬೇಕು. ನೆರೆಯ ಎರಡು ಅಂಗಡಿಗಳು ಲಗ್ನದ ದಿನಗಳಲ್ಲಿ ಪರಸ್ಪರ ಆಳನ್ನು ಕೊಟ್ಟು ತೆಗೆದುಕೊಳ್ಳುವುದೂ ಕಷ್ಟದ ಮಾತಲ್ಲ. ರಜೆಗೆ ಹೊರಡುವವನು ಕೊನೆಯ ಸಂಜೆ ಬಾಕಿಯ ಪಟ್ಟಿಗಳನ್ನು ಊರುವಾರು ವಿಂಗಡಿಸಿ, ಉಳಿದವನ ಮುಂದೆ ಒಮ್ಮೆ ಓದಿ, ಬೀಗದ ಕೈ ಕೊಟ್ಟು ಹೋಗಲಿ.